ಬೂಟಿನ ಬೆಂಚಾದ ಹೊಸ್ತಿಲು

ನನ್ನ ಬ್ಯಾಗಿನಲ್ಲಿ ಟಿಫಿನ್ ಡಬ್ಬಿ, ಛತ್ರಿ, ಲೋಕಲ್ ಟ್ರೈನಿನ ಪಾಸು ಇವುಗಳ ಜೊತೆ ಐದು ಮೀಟರಿನ ಒಂದು ಸ್ಟೀಲ್ ಟೇಪ್ ಯಾವಾಗಲೂ ಇರುತ್ತದೆ. ಬಡಗಿಗಳು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಾರಲ್ಲ, ಅಂಥದ್ದು. ಮೊನ್ನೆ ಐರೋಳಿಯ ನಮ್ಮ ಆಫೀಸಿನ ಗೇಟಿನಲ್ಲಿ ಬ್ಯಾಗು ನೋಡುವ ಹೊಸ ಹೆಂಗಸು ಅದನ್ನು ಎರಡೇ ಬೆರಳಲ್ಲಿ ಹಿಡಿದು ಹೊರತೆಗೆದು, ಇದು ಯಾತಕ್ಕೆ ಎಂದು ಮರಾಠಿಯಲ್ಲಿ ಕೇಳಿದಳು.

"ಮನೆ ಅಳೆಯಲಿಕ್ಕೆ," ಎಂದೆ.

"ನಿನ್ನ ಮನೆಯಾ?"

"ಅಲ್ಲ, ಬೇರೆಯವರದ್ದು."

ಅವಳು ನನ್ನ ಮುಖವನ್ನೊಮ್ಮೆ, ಐಡಿ ಕಾರ್ಡಿನ ಫೋಟೋವನ್ನೊಮ್ಮೆ ನೋಡಿ ಟೇಪನ್ನು ವಾಪಸು ಹಾಕಿದಳು. ಹುಚ್ಚರನ್ನು ತಡೆಯಬೇಕೆಂದು ಅವಳಿಗೆ ಯಾರೂ ಹೇಳಿರಲಿಲ್ಲ ಅಂತ ಕಾಣುತ್ತದೆ.

ಹೌದು, ನನಗೆ ಹಳೆಯ ಮನೆಗಳ ಹುಚ್ಚು. ನಾನು ಆರ್ಕಿಟೆಕ್ಟ್ ಅಲ್ಲ, ಕಲಿತದ್ದು ಬಿ.ಕಾಂ. ಮನೆ ಅಳೆಯುವುದನ್ನು, ನಕ್ಷೆ ಬರೆಯುವುದನ್ನು, ಮರ ನೋಡಿ ಜಾತಿ ಹೇಳುವುದನ್ನು ಮೊಬೈಲಿನಲ್ಲಿ ವಿಡಿಯೋ ನೋಡಿ ನೋಡಿ ಕಲಿತೆ. ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿ ಹುಟ್ಟಿದವಳು ಕನ್ನಡ ಓದಲು ಕಲಿತದ್ದೂ ಹೀಗೆಯೇ, ಯಾರ ಹತ್ತಿರವೂ ಪಾಠ ಹೇಳಿಸಿಕೊಳ್ಳದೆ. ನನ್ನ ದೊಡ್ಡಮ್ಮನ ಮನೆಯ ಗೋಡೆಯಲ್ಲಿ ಊರಿನಿಂದ ತಂದ ಕ್ಯಾಲೆಂಡರ್ ತೂಗುತ್ತಿತ್ತು. ಅದರಲ್ಲಿ 'ಸಂಕಷ್ಟಿ' ಎಂದು ಬರೆದ ದಿನ ದೊಡ್ಡಮ್ಮ ಊಟ ಮಾಡುವುದಿಲ್ಲ, ಹಾಗಾದರೆ ಈ ಅಕ್ಷರ 'ಸಂ' ಇರಬೇಕು, ಇದು 'ಕ' ಇರಬೇಕು ಎಂದು ಪತ್ತೇದಾರಿ ಮಾಡಿ ಕಲಿತ ಕನ್ನಡ ಇದು. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ರವಿವಾರ ಬಂತೆಂದರೆ ಟೇಪು ಹಿಡಿದು ಹೊರಡುತ್ತೇನೆ. ಕಲ್ಯಾಣದಲ್ಲಿ ಒಂದು ಹಳೆಯ ವಾಡೆಯ ಬಾಗಿಲು ಅಳೆಯುತ್ತಿದ್ದಾಗ ಒಳಗಿನಿಂದ ಬಂದ ಅಜ್ಜನೊಬ್ಬರು ನನಗೆ ಚಹಾ ಕೊಟ್ಟು, ಬಿಸ್ಕೀಟು ಕೊಟ್ಟು, ಕೊನೆಗೆ ಮೆಲ್ಲಗೆ "ನೋಟೀಸು ಯಾವಾಗ ಬರುತ್ತದೆ ಬಾಯಿ?" ಎಂದು ಕೇಳಿದರು. ಅವರ ಲೆಕ್ಕದಲ್ಲಿ ಟೇಪು ಹಿಡಿದು ಬರುವವರು ಎರಡೇ ಜಾತಿ: ಒಂದು ಮುನ್ಸಿಪಾಲಿಟಿ, ಇನ್ನೊಂದು ಬಿಲ್ಡರು. ಚಂದ ಉಂಟು ಅಂತ ಅಳೆಯಲಿಕ್ಕೆ ಬಂದೆ ಎಂದರೆ ಅವರು ನಂಬಲೇ ಇಲ್ಲ. ಖಾಲಿ ಕಪ್ಪನ್ನು ತಿರುಗಿ ತೆಗೆದುಕೊಂಡವರೇ ಒಳಗೆ ಹೋಗಿ ಚಿಲಕ ಹಾಕಿಕೊಂಡರು. ಆ ದಿನ ಪೂರ್ತಿ ನನಗೆ ಏನೂ ಸೇರಲಿಲ್ಲ.

ಈಗ ಹೊಸ ಮನೆಗಳ ವಿಷಯಕ್ಕೆ ಬರುತ್ತೇನೆ. ಸಿಟ್ಟು ಬಂದರೆ ನನ್ನನ್ನು ತಡೆಯಬೇಡಿ.

ನಮ್ಮ ಡೊಂಬಿವಲಿ ಪೂರ್ವದ ಓಣಿಗಳಲ್ಲಿ ಹಿಂದೆ ಹಂಚಿನ ಮನೆಗಳಿದ್ದವು, ಅವುಗಳಿಗೆ ಹೆಸರುಗಳಿದ್ದವು. ಯಾರದೋ ತಾಯಿಯ ಹೆಸರು, ಯಾರದೋ ಊರಿನ ನದಿಯ ಹೆಸರು. ಈಗ ಒಂದೊಂದನ್ನೇ ಒಡೆದು, ಟವರ್ ಕಟ್ಟುವಷ್ಟು ಜಾಗ ಇಲ್ಲದ ಕಡೆ ಬಂಗಲೆ ಕಟ್ಟುತ್ತಿದ್ದಾರೆ. ಬಂಗಲೆ ಅಂದರೆ ಸಾಧಾರಣದ್ದಲ್ಲ, ಅರಮನೆ. ಎದುರಿಗೆ ನಾಲ್ಕು ಕಂಬ. ಆ ಕಂಬಗಳನ್ನು ಒಮ್ಮೆ ಬೆರಳಿನಿಂದ ತಟ್ಟಿ ನೋಡಿ, ಒಳಗೆ ಪೊಳ್ಳು, ಫೈಬರಿನವು. ಗೇಟಿನ ಮೇಲೆ ಎರಡು ಸಿಂಹ, ಅವುಗಳಿಗೂ ಹೊಟ್ಟೆ ಇಲ್ಲ. ಮನೆಯ ಹೆಸರು ಇಂಗ್ಲಿಷಿನಲ್ಲಿ, ಸ್ಟೀಲಿನ ಅಕ್ಷರದಲ್ಲಿ, ಹಿಂದಿನಿಂದ ನೀಲಿ ಲೈಟು. ಗೋಡೆ ಎಷ್ಟು ಎತ್ತರವೆಂದರೆ ಒಳಗಿನವರು ಮನೆಯಲ್ಲಿದ್ದಾರೋ ದುಬೈಗೆ ಹೋಗಿದ್ದಾರೋ ಎಂದು ಎದುರು ಮನೆಯವರಿಗೆ ತಿಳಿಯುವುದು ಕಚಡಾ ಗಾಡಿಯವನು ಹೇಳಿದರೆ ಮಾತ್ರ. ಹಳೆಯ ಮನೆಗಳಿಗೆ ಜಗಲಿ ಇತ್ತು. ದಾರಿಯಲ್ಲಿ ಹೋಗುವವರು ಬಿಸಿಲಿಗೆ ಕೂತು, ಒಂದು ಲೋಟ ನೀರು ಕೇಳಿ, ಊರಿನ ಸುದ್ದಿ ಹೇಳಿ ಏಳುತ್ತಿದ್ದರು. ಈಗ ಅದೇ ಜಾಗದಲ್ಲಿ ಕ್ಯಾಮೆರಾ ಕೂತಿದೆ. ನಾನು ಒಂದು ಗೇಟಿನ ಮುಂದೆ ಅರ್ಧ ನಿಮಿಷ ನಿಂತದ್ದಕ್ಕೆ ಒಳಗಿನಿಂದ ಸ್ಪೀಕರು ಮಾತಾಡಿತು, "ಮೇಡಂ, ಆಗೇ ಬಢಿಯೇ." ಮುಂದೆ ಹೋಗಬೇಕಂತೆ. ಅಲ್ಲ ಸ್ವಾಮಿ, ಅದೇ ಜಾಗದಲ್ಲಿ ನಾನು ಮೂರನೇ ಕ್ಲಾಸಿನಲ್ಲಿ ಕುಂಟೆಬಿಲ್ಲೆ ಆಡಿ ಮೊಣಕಾಲು ಒಡೆದುಕೊಂಡವಳು. ನನ್ನ ರಕ್ತ ಆ ನೆಲದಲ್ಲಿದೆ. ನಿಮ್ಮ ಸಿಂಹಗಳದ್ದು ಏನಿದೆ?

ಯಮುನಾ ನಿವಾಸವೂ ಹೀಗೆಯೇ ಹೋಯಿತು. ಈ ಬರಹವೆಲ್ಲ ಅದಕ್ಕಾಗಿಯೇ, ನಾನು ಸುಮ್ಮನೆ ಸುತ್ತು ಬಳಸಿ ಬಂದೆ.

ಯಮುನಾ ನಿವಾಸ ಮರಾಠಿ ಮಾಸ್ತರರೊಬ್ಬರು ಕಟ್ಟಿಸಿದ ಹಂಚಿನ ಮನೆ. ಹಿಂದಿನ ಭಾಗದಲ್ಲಿ ಅವರ ಸಂಸಾರ, ಮುಂದಿನ ಎರಡು ಕೋಣೆಯಲ್ಲಿ ಬಾಡಿಗೆಗೆ ನನ್ನ ಗಿರಿಜ ದೊಡ್ಡಮ್ಮ ಮತ್ತು ದೊಡ್ಡಪ್ಪ. ದೊಡ್ಡಮ್ಮ ನನ್ನ ಅಮ್ಮನ ಅಕ್ಕ. ನಮ್ಮವರೆಲ್ಲ ಕುಂದಾಪುರದ ಕಡೆಯವರು. ದೊಡ್ಡಪ್ಪ ಇಲ್ಲಿನ ಹೋಟೆಲುಗಳಲ್ಲಿ ಅಡುಗೆ ಭಟ್ಟರಾಗಿದ್ದರು, ಅವರ ಸಾಂಬಾರಿಗೆ ಅಷ್ಟು ದೂರದ ಠಾಣೆ ಪಟ್ಟಣದಿಂದ ಜನ ಬರುತ್ತಿದ್ದರು. ದೊಡ್ಡಮ್ಮ ಮದುವೆಯಾಗಿ ಬಂದು ಅಕ್ಕಿಯ ಸೇರು ಒದ್ದು ಒಳಗೆ ಬಂದದ್ದು ಅದೇ ಮನೆಗೆ. ಓಣಿಯ ಕಡೆ ಬಾಗಿಲಿದ್ದ ಮುಂದಿನ ಕೋಣೆ ಅವಳದ್ದಾದ್ದರಿಂದ ಮನೆಯ ದೊಡ್ಡ ಹೊಸ್ತಿಲೂ ಅವಳದ್ದೇ ಆಯಿತು.

ಆ ಹೊಸ್ತಿಲನ್ನು ನೀವು ನೋಡಬೇಕಿತ್ತು. ಬರ್ಮಾ ತೇಗ. ನಾಲ್ಕೂವರೆ ಅಡಿ ಉದ್ದ, ಒಂಬತ್ತು ಇಂಚು ಅಗಲ, ಐದು ಇಂಚು ಎತ್ತರ. ಒಂದೂ ಗಂಟಿಲ್ಲ. ಎಳೆಗಳು ಬಾಚಿದ ಕೂದಲಿನ ಹಾಗೆ ನೇರವಾಗಿ ಓಡುತ್ತಿದ್ದವು. ನಡುವೆ ಒಂದಿಷ್ಟೂ ಸವೆದಿರಲಿಲ್ಲ, ಯಾಕೆಂದರೆ ಅದನ್ನು ಯಾರೂ ತುಳಿದಿರಲಿಲ್ಲ. ತುಳಿಯಲು ದೊಡ್ಡಮ್ಮ ಬಿಡಬೇಕಲ್ಲ? ನಾನು ಚಿಕ್ಕವಳಿದ್ದಾಗ ಒಮ್ಮೆ ಅದರ ಮೇಲೆ ಕೂತು ಐಸ್‌ಕ್ಯಾಂಡಿ ಚೀಪುತ್ತಿದ್ದೆ. ದೊಡ್ಡಮ್ಮ ಬಂದವಳೇ ನನ್ನ ಜಡೆ ಹಿಡಿದು ಎಬ್ಬಿಸಿದಳು.

"ಹೊಸ್ಲ್ ಮೇಲೆ ಕೂಕಂಬುಕಾಗ ಹೆಣೆ. ಅದ್ ಅಜ್ಜಿ ಕೂಕಂಬು ಜಾಗ."

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಬೇರೆಯವರಿಗೆ ಹೇಳುತ್ತೇನೆ: ಹೊಸ್ತಿಲ ಮೇಲೆ ಕೂರಬಾರದು ಹುಡುಗಿ, ಅದು ಅಜ್ಜಿ ಕೂರುವ ಜಾಗ ಎಂದಳು. ಮಳೆ ಸ್ವಲ್ಪ ಇಳಿಯುವ ಸಿಂಹ ಮಾಸಕ್ಕೆ ನಾವು ಸೋಣಿ ತಿಂಗಳು ಎನ್ನುತ್ತೇವೆ. ಆ ತಿಂಗಳು ಪೂರ್ತಿ ಮನೆಯ ಹೆಂಗಸರು ಬೆಳಿಗ್ಗೆ ಮಿಂದು, ಹೊಸ್ತಿಲು ತೊಳೆದು, ಶೇಡಿ ಅಂದರೆ ಬಿಳಿ ಮಣ್ಣಿನಲ್ಲಿ ಅದರ ಮೇಲೆ ಗೆರೆ ಬರೆದು, ಹೂವು ಗರಿಕೆ ಇಟ್ಟು ಪೂಜೆ ಮಾಡುತ್ತಾರೆ. ಹೊಸ್ತಿಲಜ್ಜಿ ಒಂದು ತಿಂಗಳು ಅಲ್ಲಿ ಬಂದು ಕೂತಿರುತ್ತಾಳೆ ಅಂತ ಲೆಕ್ಕ. ತಿಂಗಳು ಮುಗಿಯುವ ಸಂಕ್ರಮಣದ ದಿನ ಹೊಟ್ಟೆ ತುಂಬ ಬಡಿಸಿ, ಮುಂದಿನ ವರ್ಷ ಬಾ ಎಂದು ಹೇಳಿ ಕಳಿಸಿಕೊಡುತ್ತಾರೆ. ಊರಿನ ಸೋಣಿ ಹೂವು ಇಲ್ಲಿ ಎಲ್ಲಿ ಸಿಗಬೇಕು? ದೊಡ್ಡಮ್ಮ ಸ್ಟೇಷನ್ ಹೊರಗೆ ಗೌರಿ ಹಬ್ಬಕ್ಕೆ ಮಾರುವ ತೇರಡಾ ಹೂವನ್ನೇ ತಂದು, "ಇದೂ ಅದ್ರ ತಂಗಿಯೇ," ಎಂದು ಅಜ್ಜಿಗೆ ಸಮಜಾಯಿಷಿ ಹೇಳುತ್ತಿದ್ದಳು. ವರ್ಷ ವರ್ಷ ಬರೆದ ಶೇಡಿ ಆ ತೇಗದ ಎಳೆಗಳೊಳಗೆ ಇಳಿದು, ತೊಳೆದರೂ ಹೋಗದ ಬಿಳಿ ಗೆರೆಗಳಾಗಿ ಉಳಿದಿತ್ತು. ದೊಡ್ಡಮ್ಮನ ಇಡೀ ಸಂಸಾರ ಆ ಗೆರೆಗಳಲ್ಲಿತ್ತು ಎಂದರೆ ನೀವು ಇದು ಭಾವುಕತೆ ಎನ್ನುತ್ತೀರಿ. ಎನ್ನಿ. ನಾನು ಅಳೆದು ನೋಡಿದವಳು.

ಮಾಸ್ತರರು ಹೋದ ಮೇಲೆ ಅವರ ಮಗ ಮನೆ ಮಾರಿದ. ಕೊಂಡವರು ಹೊರಗಿನವರಲ್ಲ, ನಮ್ಮ ಸುಧಾಕರಣ್ಣ. ಈಗ ಅವರಿಗೆ ನಾಲ್ಕು ಹೋಟೆಲು. ಆದರೆ ಊರಿನಿಂದ ಬಂದ ಹೊಸತರಲ್ಲಿ ಅವರು ಮಲಗುತ್ತಿದ್ದದ್ದು ಯಮುನಾ ನಿವಾಸದ ಜಗಲಿಯಲ್ಲಿ, ದೊಡ್ಡಮ್ಮನ ಚಾಪೆಯ ಮೇಲೆ. ಮೊದಲ ಹೋಟೆಲು ಹಾಕಿದಾಗ ಅಡುಗೆಗೆ ನಿಂತದ್ದು ದೊಡ್ಡಪ್ಪ. ಹಾಗಾಗಿ ನಮಗೆಲ್ಲ ಒಂದು ಸಮಾಧಾನ, ಹೋದರೂ ನಮ್ಮವರ ಕೈಗೆ ಹೋಯಿತು ಅಂತ. ಮನೆ ಬಿಡುವುದಕ್ಕೆ ಬಾಡಿಗೆಯವರಿಗೆ ಕೊಡಬೇಕಾದದ್ದನ್ನು ಅವರು ಸರಿಯಾಗಿಯೇ ಕೊಟ್ಟರು, ಅದರಲ್ಲಿ ಮಾತಿಲ್ಲ. ದೊಡ್ಡಮ್ಮ ದೊಡ್ಡಪ್ಪ ಟ್ರೈನಿನಲ್ಲಿ ಅರ್ಧ ಗಂಟೆ ದೂರದ ಬದಲಾಪುರದಲ್ಲಿ ಒಂದು ಫ್ಲ್ಯಾಟ್ ನೋಡಿದರು.

ಸಾಮಾನು ಕಟ್ಟುವ ದಿನ ಸುಧಾಕರಣ್ಣ ಬಂದಿದ್ದರು. "ಗಿರಿಜಕ್ಕ, ಬೇರೆ ಎಂತಾರೂ ಬೇಕಾದ್ರೆ ಹೇಳಿ. ಸಂಕೋಚ ಬ್ಯಾಡ," ಎಂದರು.

ದೊಡ್ಡಮ್ಮ ಹಿಂದೆ ಮುಂದೆ ನೋಡಲಿಲ್ಲ. "ನಂಗೆ ಬೇರೆ ಎಂತದೂ ಬ್ಯಾಡ ಸುಧಾಕರ. ಮನೆ ಒಡೂವಾಗ ಆ ಹೊಸ್ಲ್ ಒಂದ್ ಕೊಡ್."

"ಅಯ್ಯ, ಅದೆಂತ ದೊಡ್ಡ್ ವಿಷ್ಯ? ಒಡೂ ದಿನ ನಾನೇ ಟೆಂಪೋದಲ್ಲ್ ಹಾಕಿ ಕಳ್ಸ್ತೆ."

ನಾನು ಅಲ್ಲಿಯೇ ಇದ್ದೆ. ನನ್ನ ಎರಡು ಕಿವಿಯಲ್ಲಿ ಕೇಳಿದ್ದೇನೆ.

ಈಗ ನನ್ನ ಕರ್ಮದ ಕತೆ. ಅದೇ ವಾರ ನಾನು ಆ ಮನೆಯನ್ನು ಮೂಲೆ ಮೂಲೆ ಅಳೆದು, ಹೊಸ್ತಿಲಿನ ಹದಿನೆಂಟು ಫೋಟೋ ತೆಗೆದು ಇನ್‌ಸ್ಟಾದಲ್ಲಿ ಹಾಕಿದೆ. ನನ್ನ ಪೋಸ್ಟಿಗೆ ಹೃದಯ ಒತ್ತುವವರು ಸಾಧಾರಣವಾಗಿ ಐದು ಜನ, ಅದರಲ್ಲಿ ಒಂದು ಅಮ್ಮ, ಇನ್ನೊಂದು ನನ್ನದೇ ಎರಡನೇ ಅಕೌಂಟು. ಆ ದಿನ ಮಾತ್ರ ನಾನು ಪಂಡಿತೆಯ ಹಾಗೆ ಬರೆದೆ: ಗಂಟಿಲ್ಲದ ಬರ್ಮಾ ತೇಗ, ಈಗ ಎಲ್ಲಿಯೂ ಸಿಗುವುದಿಲ್ಲ, ಮ್ಯೂಸಿಯಮ್ಮಿನಲ್ಲಿ ಇರಬೇಕಾದದ್ದು, ಡೊಂಬಿವಲಿಯ ಅನರ್ಘ್ಯ ರತ್ನ. ಠಾಣೆಯ ಮಾಜಿವಾಡಾದ ಯಾರೋ ಇಂಟೀರಿಯರ್ ಡಿಸೈನರ್ ಅದನ್ನು ಶೇರ್ ಮಾಡಿದರು. ಒಂದೇ ಸಂಜೆಗೆ ಸಾವಿರ ಹೃದಯ. ನಾನು ಫೋನು ಹಿಡಿದು ಮನೆ ತುಂಬ ಕುಣಿದೆ. ಆ ಡಿಸೈನರ್ ಯಾರ ಬಂಗಲೆಯ ಕೆಲಸ ಹಿಡಿದಿದ್ದಾರೆ ಎಂದು ಕೇಳುವಷ್ಟು ಬುದ್ಧಿ ನನಗೆ ಎಲ್ಲಿಂದ ಬರಬೇಕು?

ಮನೆ ಒಡೆದರು. ಟೆಂಪೋ ಬರಲಿಲ್ಲ. ಫೋನು ಮಾಡಿದರೆ ಹೊಸ್ತಿಲು ಗೋಡೌನಿನಲ್ಲಿ ಭದ್ರವಾಗಿದೆ, ಮಳೆ ಹೋಗಲಿ ಅಕ್ಕ, ದೀಪಾವಳಿ ಕಳೆಯಲಿ ಅಕ್ಕ, ಕೆಲಸ ಮುಗಿಯಲಿ ಅಕ್ಕ. ನಡುವೆ ಒಂದು ಸೋಣಿ ತಿಂಗಳು ಬಂದೇ ಬಂತು. ಬದಲಾಪುರದ ಫ್ಲ್ಯಾಟಿನ ಬಾಗಿಲಿಗೆ ಹೊಸ್ತಿಲು ಎಂದು ಇರುವುದು ಎರಡು ಬೆರಳು ಅಗಲದ ಮಾರ್ಬಲ್ ಪಟ್ಟಿ, ಅದೂ ನೆಲಕ್ಕೆ ಸಮ. ದೊಡ್ಡಮ್ಮ ಊಟಕ್ಕೆ ಕೂರುವ ಮಣೆಯನ್ನು ಬಾಗಿಲಿಗೆ ಅಡ್ಡ ಇಟ್ಟು ಅದಕ್ಕೆ ಶೇಡಿ ಬರೆದಳು. ಎರಡನೇ ದಿನ ಹಾಲಿನವನು ಎಡವಿದ. ಐದನೇ ದಿನ ದೊಡ್ಡಪ್ಪನೇ ಎಡವಿದರು. ದೊಡ್ಡಮ್ಮ ಮಣೆ ಎತ್ತಿಟ್ಟಳು.

"ಅಜ್ಜಿ ಬಂದಿದ್ಲೋ ಇಲ್ಯೋ ಯಾರಿಗ್ ಗೊತ್ತ್," ಎಂದಳು ನನಗೆ. "ಅವ್ಳಿಗೆ ಡೊಂಬಿವಲಿ ಹೊಸ್ಲ್ ಗೊತ್ತೇ ಹೊರತ್ ಬದ್ಲಾಪುರ ಗೊತ್ತಿಲ್ಲ. ಬಂದ್ ಅಲ್ಲ್ ಮಣ್ಣ್ ಕಂಡ್ ತಿರ್ಗಿ ಹೋದ್ಲೋ ಏನೋ."

ಹೇಳುವಾಗ ನಗುತ್ತಿದ್ದಳು. ಆದರೆ ಆ ವರ್ಷ ಅಜ್ಜಿಯನ್ನು ಕಳಿಸಿಕೊಡುವ ದಿನ ಅವಳು ಏನೂ ವಿಶೇಷ ಮಾಡಲಿಲ್ಲ. ಬರದೇ ಇದ್ದವಳನ್ನು ಕಳಿಸುವುದು ಹೇಗೆ?

ಈ ವರ್ಷ ಬೇಸಿಗೆಯಲ್ಲಿ ಬಂಗಲೆ ಮುಗಿಯಿತು. ಗೃಹಪ್ರವೇಶಕ್ಕೆ ಕರೆಯೋಲೆ ಬಂತು, ಅದೇ ಒಂದು ಇಟ್ಟಿಗೆಯಷ್ಟು ದಪ್ಪ. ದೊಡ್ಡಮ್ಮ ರೇಷ್ಮೆ ಸೀರೆ ಉಟ್ಟಳು, ಜೊತೆಗೆ ದಪ್ಪದ ಒಂದು ಗೋಣಿಯನ್ನೂ ನೈಲಾನ್ ಹಗ್ಗವನ್ನೂ ಚೀಲದಲ್ಲಿ ಇಟ್ಟುಕೊಂಡಳು. ಕೆಲಸ ಮುಗಿಯಿತಲ್ಲ, ಬರುವಾಗ ಹೊಸ್ತಿಲನ್ನು ತಂದೇ ಬಿಡುವುದು ಎಂದು. ನಾಲ್ಕೂವರೆ ಅಡಿ ಮರವನ್ನು ಲೇಡೀಸ್ ಡಬ್ಬಿಯಲ್ಲಿ ಹೇಗೆ ತರುತ್ತೀ ಎಂದರೆ, "ಮೀನಿನ ಬುಟ್ಟಿ ಬತ್ತಿಲ್ಯಾ?" ಎಂದಳು.

ಬಂಗಲೆಯನ್ನು ವರ್ಣಿಸುವುದಿಲ್ಲ. ಮೇಲೆ ಬೈದಾಗಿದೆ, ಅದಕ್ಕೆ ಎರಡು ಸಿಂಹ ಕೂಡಿಸಿಕೊಳ್ಳಿ. ಬಾಗಿಲಿಗೆ ಮಾತ್ರ ಬರುತ್ತೇನೆ. ಬಾಗಿಲು ಗಾಜಿನದು, ಹನ್ನೆರಡು ಅಡಿ, ಪಕ್ಕಕ್ಕೆ ಜಾರುವಂಥದು. ಒಳಗಿನ ನೆಲ, ಹೊರಗಿನ ನೆಲ ಎರಡೂ ಒಂದೇ ಸಮ. ಕಲಶ ಹಿಡಿದು ಎಲ್ಲರೂ ಬಾಗಿಲಿಗೆ ಬಂದಾಗ ಭಟ್ಟರು ಬಗ್ಗಿ ನೋಡಿ, ಎದ್ದು, ಪುನಃ ಬಗ್ಗಿ ನೋಡಿದರು.

"ಹೊಸ್ತಿಲು ಎಲ್ಲುಂಟು ಮಾರಾಯ್ರೆ? ದ್ವಾರಪೂಜೆ ಎಲ್ಲಿಗೆ ಮಾಡೂದು?"

ಸುಧಾಕರಣ್ಣ ಸೊಸೆಯ ಮುಖ ನೋಡಿದರು. ಸೊಸೆ ಶ್ರೇಯಾ ನಮ್ಮವಳೇ, ಮುಲುಂದಿನಲ್ಲಿ ಹುಟ್ಟಿದವಳು. ಕನ್ನಡ ಪೂರ್ತಿ ತಿಳಿಯುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ. "ಪಂಡಿತ್‌ಜೀ, ಯೇ ಝೀರೋ ಲೆವೆಲ್ ಹೈ. ಡಿಸೈನ್ ಹೀ ಐಸಾ ಹೈ," ಎಂದಳು.

ಭಟ್ಟರಿಗೆ ಮುಹೂರ್ತ ಮೀರುತ್ತಿತ್ತು. ನೆಲದಲ್ಲಿ ಬಾಗಿಲು ಜಾರಲಿಕ್ಕೆಂದು ಒಂದು ಅಲ್ಯುಮಿನಿಯಂ ಕಾಲುವೆ ಇತ್ತಲ್ಲ, ಅದಕ್ಕೇ ಅರಸಿನ ಕುಂಕುಮ ಹಚ್ಚಿದರು, ಅದರ ಮೇಲೆಯೇ ಹೂವು ಅಕ್ಷತೆ ಹಾಕಿದರು. ಮಂತ್ರ ಮುಗಿಯಿತು, ಎಲ್ಲರೂ ಬಲಗಾಲಿಟ್ಟು ಒಳಗೆ ಹೋದರು. ಆಮೇಲೆ ಎಸಿ ಹಾಕಬೇಕೆಂದು ಯಾರೋ ಬಾಗಿಲು ಎಳೆದರೆ ಅದು ಅರ್ಧಕ್ಕೆ ಬಂದು ನಿಂತುಬಿಟ್ಟಿತು. ಚಕ್ರದ ಅಡಿಗೆ ಅಕ್ಕಿ ಕಾಳು. ಹೊಸ ಅರಮನೆಯ ಯಜಮಾನರು ಜರಿ ಧೋತ್ರದಲ್ಲಿ ನೆಲಕ್ಕೆ ಕೂತು, ಹಲ್ಲು ಚುಚ್ಚುವ ಕಡ್ಡಿಯಿಂದ ಅಕ್ಷತೆ ಕೆದಕುವುದನ್ನು ನಾನು ಕಣ್ಣಾರೆ ಕಂಡೆ. ನಗು ಬಂತು, ನಕ್ಕೆ ಕೂಡ. ಆ ನಗು ಎರಡು ನಿಮಿಷವೂ ಉಳಿಯಲಿಲ್ಲ.

ಯಾಕೆಂದರೆ ಆ ಬಾಗಿಲಿನಿಂದ ಹತ್ತು ಅಡಿ ಒಳಗೆ, ಬಲಗಡೆಯ ಗೋಡೆಗೆ, ನಾಲ್ಕು ಸ್ಟೀಲಿನ ಕಾಲುಗಳ ಮೇಲೆ ನಮ್ಮ ಹೊಸ್ತಿಲು ನಿಂತಿತ್ತು. ಕನ್ನಡಿಯ ಹಾಗೆ ಪಾಲಿಶ್. ಅದರ ಅಡಿಯಲ್ಲಿ ಸಾಲಾಗಿ ಬೂಟು, ಚಪ್ಪಲಿ, ಎತ್ತರ ಹಿಮ್ಮಡಿಯ ಸ್ಯಾಂಡಲ್. ಅದರ ಮೇಲೆ ಅತಿಥಿಯೊಬ್ಬರು ಕೂತು, ಒಂದು ಕಾಲಿನ ಮೇಲೆ ಇನ್ನೊಂದು ಕಾಲು ಹಾಕಿ ಲೇಸು ಬಿಚ್ಚುತ್ತಿದ್ದರು.

ದೊಡ್ಡಮ್ಮ ನಿಂತಲ್ಲಿಯೇ ನಿಂತಳು.

ಸುಧಾಕರಣ್ಣ ಅಕ್ಷತೆ ಬಿಟ್ಟು ಎದ್ದು ಬಂದರು. ಮುಖದಲ್ಲಿ ಏನು ಹೆಮ್ಮೆ ಅಂತೀರಿ. "ಹ್ಯಾಂಗಿತ್ ಕಾಣಿ ಗಿರಿಜಕ್ಕ. ಬೇರೆಯವ್ರಾಗಿದ್ರೆ ಒಲೆಗೆ ಹಾಕ್ತಿದ್ರ್. ನಾನ್ ನಿಮ್ಮ ಹೊಸ್ಲ್ ಬಿಟ್ಟಿಲ್ಲ, ಮನೆಯೊಳ್ಗೇ ಇಟ್ಕಂಡಿದ್ದೆ."

ಶ್ರೇಯಾ ಹಿಂದಿನಿಂದ ಬಂದು ದೊಡ್ಡಮ್ಮನ ಭುಜ ಹಿಡಿದಳು. ಪ್ರೀತಿಯಿಂದಲೇ ಹೇಳಿದಳು, ಸುಳ್ಳು ಯಾಕೆ ಹೇಳಲಿ. "ಆಂಟೀ, ಸಬ್ ಪೂಛತೇ ಹೈ ಕಹಾಂ ಸೇ ಲಾಯಾ. ಆಪ್‌ಕೀ ಅನೂ ಕಾ ಪೋಸ್ಟ್ ದೇಖಾ ಥಾ ಹಮ್‌ನೇ. ನಹೀಂ ತೋ ಹಮ್ಕೋ ಕ್ಯಾ ಮಾಲೂಮ್ ಇತನಾ ಕೀಮತೀ ಹೈ."

ಅನು ಎಂದರೆ ನಾನೇ. ನನ್ನ ಪೋಸ್ಟು ನೋಡಿಯೇ ಅದಕ್ಕೆ ಇಷ್ಟು ಬೆಲೆ ಉಂಟೆಂದು ಇವರಿಗೆ ಗೊತ್ತಾದದ್ದಂತೆ.

ದೊಡ್ಡಮ್ಮ ನನ್ನ ಕಡೆ ತಿರುಗಲಿಲ್ಲ. ಮುಂದೆ ಹೋಗಿ, ಆ ಅತಿಥಿ ಎದ್ದು ಹೋಗುವವರೆಗೆ ಕಾದು, ಬಗ್ಗಿ ಅಂಗೈಯಿಂದ ಮರವನ್ನು ಸವರಿದಳು. ಆ ಬಿಳಿ ಗೆರೆಗಳನ್ನು ಹುಡುಕುತ್ತಿದ್ದಾಳೆ ಎಂದು ನನಗೆ ತಿಳಿಯಿತು. ಒಂದೂ ಇರಲಿಲ್ಲ. ಮಿಷನ್ನಿನಲ್ಲಿ ಉಜ್ಜಿ ತೆಗೆದಿದ್ದರು. ಊಟಕ್ಕೆ ಕೂತಳು, ಪಾಯಸ ಎರಡು ಸಲ ಹಾಕಿಸಿಕೊಂಡಳು, ಕುಂಕುಮ ಹಚ್ಚಿಸಿಕೊಂಡಳು. ಚೀಲದ ಗೋಣಿ ಚೀಲದಲ್ಲಿಯೇ ಉಳಿಯಿತು.

ಅವಳನ್ನು ಬಿಡಲು ನಾನೂ ಬದಲಾಪುರದ ಟ್ರೈನು ಹತ್ತಿದೆ, ವಿಠ್ಠಲವಾಡಿ ದಾಟಿತು. ಆಮೇಲೆ ಕಿಟಕಿಯ ಕಡೆ ನೋಡುತ್ತಲೇ ಕೇಳಿದಳು.

"ಎಂತ ಬರ್ದಿದ್ದೆ ನೀನ್ ಅದ್ರಲ್ಲ್?"

ಹೇಳಿದೆ. ಗಂಟಿಲ್ಲದ್ದು, ಸಿಗದೇ ಇರುವಂಥದ್ದು, ಅನರ್ಘ್ಯ ರತ್ನ.

"ಅಜ್ಜಿ ವಿಷ್ಯ ಬರಿಲಿಲ್ಯಾ?"

ಬರೆದಿರಲಿಲ್ಲ. ಹದಿನೆಂಟು ಫೋಟೋ, ಮೂರು ಅಳತೆ, ಮರದ ಜಾತಿ, ಎಲ್ಲ ಬರೆದವಳು ಅದನ್ನು ಬರೆದಿರಲಿಲ್ಲ. ಅದು ಹಳ್ಳಿಯವರ ಮಾತು, ಓದುವವರು ನಗುತ್ತಾರೆ ಎಂದು ಬಿಟ್ಟಿದ್ದೆ. ಸುಧಾಕರಣ್ಣನ ಮೇಲೆ ನನಗಿರುವ ಸಿಟ್ಟಿನಲ್ಲಿ ಅರ್ಧ ಪಾಲು ನನ್ನ ಮೇಲಿನದ್ದೇ ಎಂದು ಈಗ ಒಪ್ಪಿಕೊಂಡುಬಿಡುತ್ತೇನೆ. ಆದರೂ ಉಳಿದ ಅರ್ಧವನ್ನು ನಾನು ಬಿಟ್ಟುಕೊಡುವುದಿಲ್ಲ. ಆ ಮನುಷ್ಯ ಅದೇ ಹೊಸ್ತಿಲ ಹತ್ತಿರ ತಲೆಯಿಟ್ಟು ಮಲಗಿದವರು. ಅವರ ತಾಯಿಯೂ ಊರಿನಲ್ಲಿ ಸೋಣಿ ತಿಂಗಳಲ್ಲಿ ಹೊಸ್ತಿಲು ಬರೆದವರೇ. ತಿಳಿಯದವರು ತಪ್ಪು ಮಾಡಿದರೆ ಬೇರೆ. ಇವರಿಗೆ ತಿಳಿದಿತ್ತು, ಗಾಜಿನ ಬಾಗಿಲು ಬಂದ ಮೇಲೆ ತಿಳಿಯದಂತಾಯಿತು.

ಮರುದಿನ ನಾನೇ ಫೋನು ಮಾಡಿದೆ. ಅದನ್ನು ದೊಡ್ಡಮ್ಮನಿಗೆ ಕೊಡುತ್ತೇನೆಂದು ಹೇಳಿದ್ದಿರಲ್ಲ ಎಂದೆ.

"ಅದ್ ಈಗ ಇಂಟೀರಿಯರಿಗೆ ಸೇರಿ ಹೋಯ್ತಲ್ಲ ಅನು. ತೆಗೆದ್ರೆ ಆ ಗೋಡೆಯೇ ಬೋಳ್ ಕಾಣತ್ತ್. ಒಂದ್ ಕೆಲ್ಸ ಮಾಡ್ವ, ಅಕ್ಕಂಗೆ ಹೊಸ ತೇಗದ್ ಹೊಸ್ಲ್ ಮಾಡ್ಸಿ ಕೊಡ್ತೆ. ಕೆತ್ತನೆ ಎಲ್ಲ ಹಾಕಿ. ಅದಕ್ಕಿಂತ ಪಸಂದ್."

ದೊಡ್ಡಮ್ಮನಿಗೆ ಹೇಳಿದೆ. "ಬ್ಯಾಡ ಅಂತ ಹೇಳ್," ಎಂದಳು. ಜಗಳ ಮಾಡಲಿಲ್ಲ, ಅಳಲಿಲ್ಲ, ಜೂನ್ ಜುಲೈ ಎರಡು ತಿಂಗಳು ಆ ಸುದ್ದಿಯನ್ನೇ ಎತ್ತಲಿಲ್ಲ. ಮುಗಿಯಿತು ಎಂದು ನಾನು ಅಂದುಕೊಂಡೆ.

ಸೋಣಿ ತಿಂಗಳ ಮೊದಲ ದಿನ ಬೆಳಿಗ್ಗೆ ಏಳು ಗಂಟೆಗೆ ಅವಳ ಫೋನು. "ಡೊಂಬಿವಲಿ ಸ್ಟೇಷನ್ನಗೆ ಇದ್ದೆ. ತೇರಡಾ ಹೂ ತಕಂಡೆ. ನೀ ಬತ್ಯಾ?"

ಆಫೀಸಿಗೆ ಹೊಟ್ಟೆನೋವು ಎಂದು ಮೆಸೇಜು ಹಾಕಿ ಓಡಿದೆ. ಬದಲಾಪುರದಿಂದ ಆ ಹೊತ್ತಿನ ಟ್ರೈನಿನಲ್ಲಿ ಅವಳು ಹೇಗೆ ಬಂದಳೋ. ಮಡಿ ಸೀರೆ, ಕೈಯಲ್ಲಿ ಪೂಜೆಯ ಬಟ್ಟಲಿನ ಚೀಲ. "ಹೆಂಗ್ಸ್ರ್ ಜಾಗ ಕೊಟ್ರ್. ಅಜ್ಜಿಗೆ ಹೂ ಅಂದೆ, ಯಾರದ್ದೋ ಅಜ್ಜಿ ಸತ್ತ್ ಹೋಯ್ತ್ ಅಂದ್ಕಂಡ್ರ್," ಎಂದಳು.

ಗೇಟಿನಲ್ಲಿ ವಾಚ್‌ಮನ್ ಏನು ಕೆಲಸ ಎಂದ. ದೊಡ್ಡಮ್ಮ "ಪೂಜಾ" ಎಂದಳು. ಮಡಿ ಸೀರೆಯನ್ನು, ಹೂವನ್ನು ನೋಡಿ ಅವನು ಬೇರೆ ಪ್ರಶ್ನೆ ಕೇಳಲಿಲ್ಲ. ಮನೆಯವರೇ ಕರೆಸಿದ್ದಾರೆ ಎಂದುಕೊಂಡಿರಬೇಕು. ಒಳಗೆ ಶ್ರೇಯಾ ಕಾಫಿ ಮಗ್ ಹಿಡಿದು ನಿಂತಿದ್ದಳು.

"ಒಂದ್ ಚೊಂಬ್ ನೀರ್ ಕೊಡ್ ಮಗಾ. ಇದ್ರಡಿ ಬೂಟ್ ಎಲ್ಲ ಒಂಚೂರ್ ತೆಗೀಕ್."

ಶ್ರೇಯಾಳಿಗೆ ಏನೂ ಅರ್ಥವಾಗಲಿಲ್ಲ, ಆದರೆ ಮಡಿ ಸೀರೆಯುಟ್ಟ ಹಿರಿಯರು ಹೇಳಿದ್ದಕ್ಕೆ ಇಲ್ಲ ಎನ್ನುವುದು ಅವಳ ಮೈಗೆ ಬರಲಿಲ್ಲ. ನಾನೂ ಅವಳೂ ಸೇರಿ ಇಪ್ಪತ್ತು ಜೊತೆ ಬೂಟುಗಳನ್ನು ಹೊರಗೆ ಸಾಗಿಸಿದೆವು. ದೊಡ್ಡಮ್ಮ ಒದ್ದೆ ಬಟ್ಟೆಯಲ್ಲಿ ಮರ ಒರೆಸಿದಳು. ಶೇಡಿ ಕಲಸಿ ಬೆರಳಿನಿಂದ ಗೆರೆ ಎಳೆದಳು. ಪಾಲಿಶ್ ಮೇಲೆ ಶೇಡಿ ನಿಲ್ಲಲಿಲ್ಲ, ಜಾರಿತು. ಪುನಃ ಎಳೆದಳು. ಮೂರನೇ ಸಲಕ್ಕೆ ನಿಂತಿತು.

ಆಗ ಸುಧಾಕರಣ್ಣ ವಾಕಿಂಗಿಗೆ ಹೊರಟು ಮೇಲಿನಿಂದ ಇಳಿದು ಬಂದರು, ಕೈಯಲ್ಲಿ ಸಾಕ್ಸು. ಹೊಸ್ತಿಲ ಮೇಲೆ ಹೂವು, ಗರಿಕೆ, ಉರಿಯುವ ಸೊಡರು. ನೆಲದ ಮೇಲೆ ಕೂತು ಆರತಿ ಎತ್ತುತ್ತಿರುವ ಗಿರಿಜಕ್ಕ. ಅವರು ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಆರತಿ ತಟ್ಟೆ ಅವರ ಮುಂದೆ ಬಂತು. ಸಾಕ್ಸನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಅವರು ಆರತಿ ತೆಗೆದುಕೊಂಡರು, ಕಣ್ಣಿಗೆ ಒತ್ತಿಕೊಂಡರು. ಆ ಕೈ ಯಾರನ್ನೂ ಕೇಳದೆ ತಾನಾಗಿಯೇ ಬಂತು. ಅದನ್ನು ಕಂಡಾಗ ಮಾತ್ರ ನನ್ನ ಸಿಟ್ಟು ಒಂದು ನಿಮಿಷ ಎಲ್ಲಿಗೋ ಹೋಗಿತ್ತು.

"ಇದನ್ನ ಒರ್ಸೂದ್ ಯಾವಾಗ ಗಿರಿಜಕ್ಕ?" ಎಂದರು ಮೆಲ್ಲಗೆ.

"ನೀ ಮುಟ್ಟೂಕಾಗ. ನಾಳೆ ಬೆಳಿಗ್ಗೆ ಬಂದ್ ನಾನೇ ಒರ್ಸ್ತೆ."

"ನಾಳೆಯೂ ಬತ್ರ್ಯಾ?"

"ಸೋಣಿ ತಿಂಗ್ಳ್ ಒಂದೇ ದಿನವಾ ಸುಧಾಕರ?"

ಅವಳು ಬಂದಳು. ಮರುದಿನ ಬಂದಳು, ಅದರ ಮರುದಿನವೂ ಬಂದಳು, ಮಳೆಗೆ ಟ್ರೈನು ಅಂಬರನಾಥದಲ್ಲಿ ಒಂದು ಗಂಟೆ ನಿಂತ ದಿನವೂ ಬಂದಳು. ಹೂವಿಟ್ಟು ಶೇಡಿ ಬರೆದದ್ದರ ಮೇಲೆ ಕೂರುವ ಧೈರ್ಯ ಆ ಮನೆಯಲ್ಲಿ ಯಾರಿಗೂ ಬರಲಿಲ್ಲ. ಮುಂಬಯಿಯಿಂದ ಬಂದ ಶ್ರೇಯಾಳ ಸ್ನೇಹಿತೆ ತಿಳಿಯದೆ ಕೂರಲು ಹೋದಾಗ ಮನೆಯ ಮೂವರೂ ಒಟ್ಟಿಗೆ ಬೇಡ ಎಂದು ಕೂಗಿದರಂತೆ. ಬೂಟುಗಳೆಲ್ಲ ಸಿಂಹಗಳ ಹತ್ತಿರ ಹೊರಗೆ ಒದ್ದೆಯಾಗುತ್ತಿವೆ.

ನಿನ್ನೆ, ಹನ್ನೆರಡನೇ ದಿನ, ಸುಧಾಕರಣ್ಣ ನನಗೆ ಫೋನು ಮಾಡಿದರು. ದನಿ ಇಳಿದಿತ್ತು. "ಅನು, ಅಕ್ಕಂಗೆ ಹೇಳ್. ಹೊಸ್ಲ್ ತಕಂಡ್ ಹೋಪುಕೆ. ಟೆಂಪೋ ನಾನೇ ಮಾಡ್ತೆ. ಇವತ್ತೇ ಕಳ್ಸ್ತೆ."

ನಾನು ಕುಣಿಯುತ್ತ ಬದಲಾಪುರಕ್ಕೆ ಫೋನು ಹಚ್ಚಿದೆ. ದೊಡ್ಡಮ್ಮ ಎಲ್ಲ ಕೇಳಿದಳು. ಆ ಕಡೆ ಕುಕ್ಕರ್ ಒಮ್ಮೆ ಸೀಟಿ ಹಾಕಿತು.

"ಈಗ ಬ್ಯಾಡ ಅಂತ ಹೇಳ್," ಎಂದಳು.

"ಯಾಕೆ ದೊಡ್ಡಮ್ಮ? ಅದಕ್ಕೇ ಅಲ್ಲವಾ ಇಷ್ಟೆಲ್ಲ?"

"ಅಜ್ಜಿ ಬಂದ್ ಕೂಕಂಡಾಯ್ತಲ್ಲ ಹೆಣೆ. ಕೂತವ್ಳನ್ನ ತಿಂಗ್ಳ ನಡೂಕೆ ಎಬ್ಸೂಕಾಗ. ಸಂಕ್ರಮಣದ್ ದಿನ ಉಣ್ಸಿ ಕಳ್ಸಿ, ಅವ್ಳಿಗೆ ಬದ್ಲಾಪುರದ್ ದಾರಿ ಹೇಳಿ, ಮತ್ತೆ ತಕಂಡ್ ಹೋತೆ. ಅಲ್ಲೀವರೆಗೆ ಸುಧಾಕರ ನಿಂತ್ಕಂಡೇ ಬೂಟ್ ಹಾಯ್ಕಣ್ಲಿ."